ಪಿರಮಿಡ್ ಎಷ್ಟು ಎತ್ತರ ಎಂದು ಕೇಳುವ ಮೊದಲು ನೆಲ ನೋಡಿ
ಶಾಲಾ ವಾರ್ಷಿಕೋತ್ಸವದ ಕಸರತ್ತು: ಹೊಸೂರು–ಕೃಷ್ಣಗಿರಿ ಭಾಗದ ಪೋಷಕರಿಗೆ ಒಂದು ಕೈಪಿಡಿ

ಜನವರಿ ಬಂತೆಂದರೆ ಹೊಸೂರು, ಕೃಷ್ಣಗಿರಿ, ಡೆಂಕಣಿಕೋಟೆ ಕಡೆಯ ಶಾಲೆಗಳಲ್ಲಿ ಎರಡು ತಾಲೀಮು ಒಟ್ಟಿಗೆ ಶುರುವಾಗುತ್ತವೆ. ಒಂದು ಗಣರಾಜ್ಯೋತ್ಸವದ ಕವಾಯತು, ಇನ್ನೊಂದು ವಾರ್ಷಿಕೋತ್ಸವದ ಡ್ಯಾನ್ಸು. ಎರಡರಲ್ಲೂ ಹೆಚ್ಚು ಚಪ್ಪಾಳೆ ಬೀಳುವುದು ಪಿರಮಿಡ್‌ಗೆ. ದೊಡ್ಡ ಹುಡುಗರು ಕೆಳಗೆ ಮಂಡಿಯೂರುತ್ತಾರೆ, ಅವರ ಬೆನ್ನ ಮೇಲೆ ಮತ್ತೊಂದು ಸಾಲು ಏರುತ್ತದೆ, ತುದಿಯಲ್ಲಿ ತೆಳ್ಳಗಿನ ಮಗುವೊಂದು ನಿಂತು ಬಾವುಟ ಬೀಸುತ್ತದೆ. ಈಚೆಗೆ ಸಿನಿಮಾ ಹಾಡಿನ ಕುಣಿತಕ್ಕೂ ಮಕ್ಕಳನ್ನು ಎತ್ತುವುದು, ಎಸೆದು ಹಿಡಿಯುವುದು ಸೇರಿಕೊಂಡಿದೆ.

ಇದೇ ಕಸರತ್ತನ್ನು ಅಮೆರಿಕದಲ್ಲಿ ಸ್ಪರ್ಧೆಯಾಗಿ ಬೆಳೆಸಿದ್ದಾರೆ. ಅದರ ಹೆಸರು ಚಿಯರ್‌ಲೀಡಿಂಗ್. ನಮ್ಮಲ್ಲಿ ಆ ಹೆಸರು ಕೇಳಿದರೆ 2008ರ ಮೊದಲ ಐಪಿಎಲ್‌ನಲ್ಲಿ ಬೆಂಗಳೂರು ತಂಡ ವಾಷಿಂಗ್ಟನ್‌ನಿಂದ ಕರೆಸಿದ ನರ್ತಕಿಯರು ನೆನಪಾಗುತ್ತಾರೆ. ಮಕ್ಕಳ ಸ್ಪರ್ಧಾತ್ಮಕ ಚಿಯರ್‌ನಲ್ಲಿ ಆ ಬಗೆಯ ಕುಣಿತಕ್ಕಿಂತ ಲಾಗ ಹಾಕುವುದು, ಹೆಗಲ ಮೇಲೆ ನಿಲ್ಲುವುದು, ನಾಲ್ಕು ಜನ ಸೇರಿ ಒಬ್ಬರನ್ನು ಮೇಲಕ್ಕೆ ಎಸೆದು ಹಿಡಿಯುವುದು ಮುಖ್ಯ. ಒಲಿಂಪಿಕ್ ಸಮಿತಿ ಇದರ ಅಂತರರಾಷ್ಟ್ರೀಯ ಒಕ್ಕೂಟಕ್ಕೆ 2021ರಲ್ಲಿ ಪೂರ್ಣ ಮಾನ್ಯತೆ ಕೊಟ್ಟಿದೆ. ಅಮೆರಿಕದಲ್ಲಿ ಇದರ ಸುರಕ್ಷತಾ ನಿಯಮ ಬದಲಾದಾಗಲೆಲ್ಲ ಜಗಳ ಆಗುತ್ತದೆ. "ಆಟವನ್ನೇ ಸಪ್ಪೆ ಮಾಡಿದಿರಿ" ಎಂದು ಒಂದು ಗುಂಪು, "ಮಕ್ಕಳ ಬೆನ್ನುಮೂಳೆ ಮುಖ್ಯ" ಎಂದು ಇನ್ನೊಂದು ಗುಂಪು. ಆ ಜಗಳದಿಂದ ನಮ್ಮ ಪೋಷಕರು, ಪಿ.ಟಿ. ಮಾಸ್ಟರುಗಳು ಕಲಿಯಬೇಕಾದದ್ದು ಸಾಕಷ್ಟಿದೆ.

ಅಮೆರಿಕದವರು ಏನನ್ನು ನಿಷೇಧಿಸಿದರು

2006ರ ಮಾರ್ಚ್‌ನಲ್ಲಿ ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯೊಬ್ಬಳು ಬಾಸ್ಕೆಟ್‌ಬಾಲ್ ಪಂದ್ಯದ ನಡುವೆ ಪಿರಮಿಡ್‌ನಿಂದ ಬಿದ್ದಳು. ಸ್ಟ್ರೆಚರ್ ಮೇಲೆ ಹೊತ್ತೊಯ್ಯುವಾಗಲೂ ತಂಡದ ಹಾಡಿಗೆ ಕೈ ಆಡಿಸುತ್ತಿದ್ದ ಅವಳನ್ನು ಟಿವಿಯಲ್ಲಿ ಇಡೀ ದೇಶ ನೋಡಿತು. ಅದೇ ವರ್ಷ ಚಿಯರ್ ತರಬೇತುದಾರರ ಸಂಘ ಒಂದು ನಿಯಮ ತಂದಿತು: ಬಾಸ್ಕೆಟ್‌ಬಾಲ್ ಅಂಕಣದಂಥ ಗಟ್ಟಿ ನೆಲದ ಮೇಲೆ ಬಾಸ್ಕೆಟ್ ಟಾಸ್ ಕೂಡದು. ಕೈಗಳನ್ನು ಬುಟ್ಟಿಯಂತೆ ಹೆಣೆದು ಒಬ್ಬರನ್ನು ಮೇಲಕ್ಕೆ ಎಸೆಯುವ ಕಸರತ್ತಿಗೆ ಆ ಹೆಸರು.

ನಿಯಮ ಎಸೆತವನ್ನೇ ಕಿತ್ತುಹಾಕಲಿಲ್ಲ, ಗಟ್ಟಿ ನೆಲದಿಂದ ಅದನ್ನು ದೂರ ಇಟ್ಟಿತು. ಮುಂದಿನ ವರ್ಷಗಳ ಅಂಕಿಅಂಶ ನೋಡಿದ ಸಂಶೋಧಕರಿಗೆ, ಬಾಸ್ಕೆಟ್ ಟಾಸ್‌ನಿಂದಾಗುವ ಅತಿ ಗಂಭೀರ ಗಾಯಗಳ ಪ್ರಮಾಣ ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿದದ್ದು ಕಂಡಿತು.

2012ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಚಿಯರ್‌ಲೀಡಿಂಗ್ ಕುರಿತು ಶಿಫಾರಸು ಹೊರಡಿಸಿತು. ಒಟ್ಟಾರೆ ಗಾಯದ ಲೆಕ್ಕದಲ್ಲಿ ಚಿಯರ್‌ಲೀಡಿಂಗ್ ಬೇರೆ ಅನೇಕ ಆಟಗಳಿಗಿಂತ ಕೆಳಗೇ ಇದೆ. ಆದರೆ ಹೈಸ್ಕೂಲು ಹುಡುಗಿಯರ ಅತಿ ಗಂಭೀರ ಕ್ರೀಡಾ ಗಾಯಗಳಲ್ಲಿ, ಎಂದರೆ ತಲೆಬುರುಡೆ, ಕತ್ತು, ಬೆನ್ನುಹುರಿಯ ಗಾಯಗಳಲ್ಲಿ, ಸುಮಾರು ಮೂರನೇ ಎರಡು ಪಾಲು ಇದೊಂದರಿಂದಲೇ ಬಂದಿತ್ತು. ಆಗುವುದು ಅಪರೂಪ, ಆದರೆ ಆದಾಗ ಭೀಕರ. ವೈದ್ಯರ ಶಿಫಾರಸುಗಳು ಸರಳವಾಗಿದ್ದವು: ಪಿರಮಿಡ್ ಎರಡು ಆಳೆತ್ತರ ಮೀರಬಾರದು, ಸ್ಪ್ರಿಂಗ್ ಅಥವಾ ಫೋಮ್ ನೆಲ, ಇಲ್ಲವೇ ಹುಲ್ಲಿನ ಮೇಲೆ ಮಾತ್ರ ಮಾಡಬೇಕು, ಒದ್ದೆಯಾದ, ಏರುತಗ್ಗಿನ, ಗಟ್ಟಿ ನೆಲ ಬೇಡ, ತರಬೇತುದಾರನಿಗೆ ಪ್ರಮಾಣಪತ್ರ ಇರಲಿ, ತಲೆಗೆ ಪೆಟ್ಟು ಬಿದ್ದ ಅನುಮಾನವಿದ್ದರೆ ವೈದ್ಯರು ಬರೆದುಕೊಡುವ ತನಕ ಮಗು ಮರಳಿ ಆಟಕ್ಕೆ ಇಳಿಯಬಾರದು.

ನಮ್ಮ ಮೊಸರು ಕುಡಿಕೆಯ ಪಾಠ

ಭಾರತದಲ್ಲಿ ಈ ವಾದ ನಡೆದದ್ದು ಮುಂಬೈ, ಠಾಣೆಗಳಲ್ಲಿ ಕೃಷ್ಣಾಷ್ಟಮಿಗೆ ಮಾನವ ಗೋಪುರ ಏರಿ ಮೊಸರು ಕುಡಿಕೆ ಒಡೆಯುವ ದಹಿ ಹಂಡಿಯ ಸುತ್ತ. 2014ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ 18 ವರ್ಷದೊಳಗಿನವರು ಗೋಪುರ ಏರಬಾರದು, ಎತ್ತರ 20 ಅಡಿ ದಾಟಬಾರದು ಎಂದಿತು. ಆ ವರ್ಷದ ಮಟ್ಟಿಗೆ ಸುಪ್ರೀಂ ಕೋರ್ಟ್ ಸಡಿಲಿಕೆ ಕೊಟ್ಟರೂ, 2016ರ ಆಗಸ್ಟ್ 17ರಂದು ಎರಡೂ ಮಿತಿಗಳನ್ನು ಉಳಿಸಿತು. ಗೋಪುರ ಕಟ್ಟುವ ಮಂಡಲಿಗಳು ಕಪ್ಪು ಬಾವುಟ ತೋರಿಸಿದವು, ಠಾಣೆಯಲ್ಲಿ ಬೇಕೆಂದೇ ಮಿತಿ ಮೀರಿ ಗಡಿಗೆ ಕಟ್ಟಿದವರೂ ಇದ್ದರು. 2017ರ ಆಗಸ್ಟ್ 7ರಂದು ಹೈಕೋರ್ಟ್ ಎತ್ತರದ ಮಿತಿ ತೆಗೆದು, 14 ವರ್ಷದೊಳಗಿನವರನ್ನು ಸೇರಿಸುವುದಿಲ್ಲ ಎಂಬ ಸರ್ಕಾರದ ಭರವಸೆಯನ್ನು ಒಪ್ಪಿಕೊಂಡಿತು. 2022ರಲ್ಲಿ ಮಹಾರಾಷ್ಟ್ರ ಸರ್ಕಾರ ದಹಿ ಹಂಡಿಗೆ ಸಾಹಸ ಕ್ರೀಡೆಯ ಸ್ಥಾನ ಕೊಟ್ಟು, ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು.

ವರ್ಷಗಟ್ಟಲೆ ನಡೆದ ಈ ಜಟಾಪಟಿಯಲ್ಲಿ ವಕೀಲರ ವಾದ, ರಾಜಕಾರಣಿಗಳ ಭಾಷಣ ಹೆಚ್ಚಾಗಿ ವಯಸ್ಸು ಮತ್ತು ಅಡಿ ಲೆಕ್ಕದ ಸುತ್ತ ತಿರುಗಿದವು. ಬೀಳುವ ಜಾಗ ಬಹಳ ಕಡೆ ಅದೇ ಡಾಂಬರು ರಸ್ತೆಯಾಗಿ ಉಳಿಯಿತು. 2025ರ ಆಗಸ್ಟ್‌ನಲ್ಲಿ ಮುಂಬೈನ ದಹಿಸರ್‌ನಲ್ಲಿ 11 ವರ್ಷದ ಬಾಲಕನೊಬ್ಬ ಬಿದ್ದು ಸತ್ತ. ಅದು ಹಬ್ಬಕ್ಕೆ ಮುಂಚಿನ ತಾಲೀಮು. 14 ವರ್ಷದ ಮಿತಿ ಕಾಗದದಲ್ಲಿತ್ತು, ತಾಲೀಮಿನ ಜಾಗದಲ್ಲಿ ಅದನ್ನು ಕೇಳುವವರಿರಲಿಲ್ಲ.

ಜಪಾನಿನ ಶಾಲೆಗಳದ್ದು ನಮ್ಮ ಸ್ಥಿತಿಗೆ ಇನ್ನೂ ಹತ್ತಿರದ ಕತೆ. ಅಲ್ಲಿನ ಕ್ರೀಡಾದಿನದಲ್ಲಿ 'ಕುಮಿತೈಸೊ' ಎಂಬ ಸಾಮೂಹಿಕ ಕಸರತ್ತಿನಲ್ಲಿ ಮಾನವ ಪಿರಮಿಡ್ ಕಟ್ಟುವುದು ದಶಕಗಳ ಸಂಪ್ರದಾಯ. ಒಗ್ಗಟ್ಟು ಕಲಿಸುತ್ತದೆ ಎಂಬ ಸಮರ್ಥನೆಯೊಂದಿಗೆ ಅಂತಸ್ತುಗಳು ಏರುತ್ತಾ ಹೋದವು, ವರ್ಷಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಗಾಯಗಳು ದಾಖಲಾದವು. 2015ರಲ್ಲಿ ಒಸಾಕಾ ಪ್ರಾಂತ್ಯದ ಯಾವೊ ನಗರದ ಶಾಲೆಯಲ್ಲಿ ಹತ್ತು ಅಂತಸ್ತಿನ ಪಿರಮಿಡ್ ಕುಸಿದ ವಿಡಿಯೊ ದೇಶವನ್ನು ಬೆಚ್ಚಿಬೀಳಿಸಿತು. ಒಸಾಕಾ ನಗರ ಮೊದಲು ಐದು ಅಂತಸ್ತಿನ ಮಿತಿ ಹಾಕಿತು, ಮರುವರ್ಷ ಪಿರಮಿಡ್ಡನ್ನೇ ನಿಷೇಧಿಸಿತು.

ಸ್ಪೇನಿನ ಕ್ಯಾಟಲೋನಿಯಾದವರು ಬೇರೆ ದಾರಿ ಹಿಡಿದರು. ಅಲ್ಲಿನ ಮಾನವ ಗೋಪುರಗಳು 2010ರಲ್ಲಿ ಯುನೆಸ್ಕೊ ಪಟ್ಟಿ ಸೇರಿವೆ. 2006ರಲ್ಲಿ 12 ವರ್ಷದ ಹುಡುಗಿಯೊಬ್ಬಳು ಬಿದ್ದು ತೀರಿಕೊಂಡ ಮೇಲೆ ತುದಿಗೇರುವ ಮಕ್ಕಳಿಗೆ ಹೆಲ್ಮೆಟ್ ಬಂತು. ಅದಕ್ಕಿಂತ ದೊಡ್ಡ ರಕ್ಷಣೆ ಮೊದಲಿಂದಲೂ ಇದೆ: ಗೋಪುರದ ಬುಡದಲ್ಲಿ ನೂರಾರು ಜನ ಒತ್ತೊತ್ತಾಗಿ ನಿಲ್ಲುತ್ತಾರೆ. ಬಿದ್ದವರು ಕಲ್ಲಿನ ನೆಲಕ್ಕಲ್ಲ, ಆ ಜನರ ಮೇಲೆ ಬೀಳುತ್ತಾರೆ.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಎತ್ತರದ ಮಿತಿ ಬೇಕೇ ಬೇಕು, ಆದರೆ ಅದೊಂದೇ ಸಾಲದು ಎಂಬುದು ತಿಳಿಯುತ್ತದೆ. ಬೀಳುವ ನೆಲ, ಹಿಡಿಯುವ ಕೈ, ಕಲಿಸುವ ವ್ಯಕ್ತಿ — ಈ ಮೂರರ ಬಗ್ಗೆ ನಿಯಮ ಮಾಡಿ, ತಾಲೀಮಿನಲ್ಲೂ ಅದನ್ನು ಪಾಲಿಸಿದ ಕಡೆ ಮಕ್ಕಳು ಉಳಿಯುತ್ತಾರೆ.

ಕಾಗದ-ಪೆನ್ನು ಹಿಡಿದು ಒಂದು ಲೆಕ್ಕ

ಮಂಡಿಯೂರಿ ಕಟ್ಟುವ ಪಿರಮಿಡ್‌ನಲ್ಲಿ ಪ್ರತಿ ಮಗು ತನ್ನ ಭಾರವನ್ನೂ ತನ್ನ ಮೇಲಿನ ಭಾರವನ್ನೂ ಕೆಳಗಿನ ಇಬ್ಬರಿಗೆ ಅರ್ಧರ್ಧ ಹಂಚುತ್ತದೆ ಎಂದುಕೊಳ್ಳಿ. ಎಲ್ಲರೂ 30 ಕಿಲೊ ತೂಕದವರು.

• ಮೂರು ಸಾಲು ಇದ್ದರೆ, ಕೆಳಸಾಲಿನ ನಡುವಿನ ಮಗುವಿನ ಬೆನ್ನ ಮೇಲೆ 45 ಕಿಲೊ.
• ನಾಲ್ಕು ಸಾಲಾದರೆ, ಕೆಳಗಿನ ನಡುವಿನ ಇಬ್ಬರ ಮೇಲೆ ತಲಾ ಸುಮಾರು 64 ಕಿಲೊ.
• ಐದು ಸಾಲಾದರೆ, ಕೆಳಸಾಲಿನ ನಟ್ಟನಡುವಿನ ಮಗುವಿನ ಮೇಲೆ ಸುಮಾರು 94 ಕಿಲೊ, ಅಂದರೆ ತನ್ನ ತೂಕದ ಮೂರು ಪಟ್ಟಿಗೂ ಹೆಚ್ಚು.

ಇದು ಎಲ್ಲರೂ ಅಲುಗಾಡದೆ ನಿಂತಾಗಿನ ಮಾತು. ಮೇಲಿನವರು ಕಾಲು ಊರಿ ಏರುವಾಗ, ಧುಮುಕಿ ಇಳಿಯುವಾಗ ಭಾರ ಇನ್ನೂ ಹೆಚ್ಚುತ್ತದೆ. ಎಲ್ಲರ ಕಣ್ಣು ತುದಿಯ ಮಗುವಿನ ಮೇಲಿರುತ್ತದೆ, ಆದರೆ ಕೆಳಗೆ ನಡುವಿನಲ್ಲಿ ಸೋತ ಮೊಣಕೈಯಿಂದಲೂ ಕುಸಿತ ಶುರುವಾಗಬಹುದು. ನಿಮ್ಮ ಮಗು ಕೆಳಸಾಲಿನಲ್ಲಿದೆ ಎಂದು ನಿಶ್ಚಿಂತೆಯಿಂದ ಇರಬೇಡಿ.

ಬೀಳುವ ವೇಗದ ಲೆಕ್ಕವೂ ಇದೆ. ಎರಡು ಮೀಟರ್ ಎತ್ತರದಿಂದ ಬಿದ್ದ ದೇಹ ನೆಲ ಮುಟ್ಟುವಾಗ ಗಂಟೆಗೆ ಸುಮಾರು 22 ಕಿ.ಮೀ. ವೇಗದಲ್ಲಿರುತ್ತದೆ, ಮೂರು ಮೀಟರಿನಿಂದಾದರೆ 27ಕ್ಕೂ ಹೆಚ್ಚು. ಸಿಮೆಂಟಿನ ಮೇಲೆ ಈ ವೇಗ ಕ್ಷಣದಲ್ಲಿ ಸೊನ್ನೆಯಾಗುತ್ತದೆ, ದಪ್ಪ ಮ್ಯಾಟಿನ ಮೇಲೆ ತುಸು ನಿಧಾನವಾಗಿ. ಆ ತುಸು ಅವಧಿಯೇ ತಲೆಬುರುಡೆಯನ್ನು ಕಾಯುವುದು.

ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮೊದಲು

ಶಾಲೆಯಿಂದ ಬರುವ ಪತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರಬಹುದು. ತಳಿ, ಬಾಗಲೂರು, ಡೆಂಕಣಿಕೋಟೆ ಕಡೆಯ ಕನ್ನಡದ ಮನೆಗಳಲ್ಲಿ ಅದನ್ನು ಮಗುವೇ ಓದಿ "ಇಲ್ಲಿ ಸೈನ್ ಮಾಡಮ್ಮ" ಎನ್ನುವುದುಂಟು. ಹಾಗೆ ಮಾಡಬೇಡಿ. ಓದಲು ಬರುವವರಿಂದ ಪೂರ್ತಿ ಓದಿಸಿ ಕೇಳಿ. 'ಸಾಂಸ್ಕೃತಿಕ ಕಾರ್ಯಕ್ರಮ' ಎಂದಷ್ಟೇ ಬರೆದಿದ್ದರೆ ಅದರಲ್ಲಿ ಎತ್ತುವುದು, ಎಸೆಯುವುದು, ಪಿರಮಿಡ್ ಇದೆಯೇ ಎಂದು ವಿಚಾರಿಸಿ. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ತಂದೆ-ತಾಯಂದಿರಿಗೆ ಇಂಥ ಎಚ್ಚರ ಹೊಸದಲ್ಲ. ಅಲ್ಲಿ ಎತ್ತರದಲ್ಲಿ ಕೆಲಸ ಮಾಡಲು ಪರ್ಮಿಟ್ ಬೇಕು, ಬೆಲ್ಟ್ ಬೇಕು, ಕೆಳಗೆ ನೋಡಿಕೊಳ್ಳುವವನು ಬೇಕು. ದೊಡ್ಡವರಿಗೆ ಇಷ್ಟು ಬೇಕಾದರೆ ಎಂಟನೇ ತರಗತಿಯ ಮಗುವಿಗೂ ಬೇಕು ಎಂದು ಧೈರ್ಯವಾಗಿ ಹೇಳಿ.

ಕೇಳಬೇಕಾದ ಪ್ರಶ್ನೆಗಳು:

1. ತಾಲೀಮು ಎಲ್ಲಿ? ಸಿಮೆಂಟ್ ವೇದಿಕೆ, ಇಂಟರ್‌ಲಾಕ್ ಟೈಲ್ಸ್ ಹಾಸಿದ ಅಂಗಳ, ಜಲ್ಲಿಕಲ್ಲಿನ ಮೈದಾನ ಆಗಿದ್ದರೆ ಮ್ಯಾಟ್ ಇಲ್ಲದೆ ಎತ್ತುವ ಕಸರತ್ತು ಬೇಡವೇ ಬೇಡ. ಯೋಗಕ್ಕೆ ಹಾಸುವ ತೆಳು ಮ್ಯಾಟ್ ಇದಕ್ಕೆ ಆಗದು. ಜಿಮ್ನಾಸ್ಟಿಕ್ಸ್‌ನ ದಪ್ಪ ಫೋಮ್ ಮ್ಯಾಟ್ ಬೇಕು, ಅವುಗಳ ನಡುವೆ ಸಂದು ಇರಬಾರದು.

2. ಪ್ರದರ್ಶನದ ದಿನವೂ ಮ್ಯಾಟ್ ಇರುತ್ತದೆಯೇ? ತಾಲೀಮಿನಲ್ಲಿ ಹಾಸಿ, ಫೋಟೊ ಚೆನ್ನಾಗಿ ಬರಲೆಂದು ಸಮಾರಂಭದಲ್ಲಿ ತೆಗೆಯುವುದು ಅಪಾಯ. ವೇದಿಕೆಯ ಅಂಚಿನಿಂದ ಎಷ್ಟು ದೂರ ನಿಲ್ಲುತ್ತಾರೆ ಎಂದೂ ಕೇಳಿ.

3. ಎಷ್ಟು ಎತ್ತರ? ಎರಡು ಆಳೆತ್ತರ ಸಾಕು. ಮಂಡಿಯೂರುವ ಪಿರಮಿಡ್ ಆದರೆ ಮೂರು ಸಾಲು ಸಾಕು. ಸರಿಯಾದ ತರಬೇತಿ ಕೇಂದ್ರವಲ್ಲದ ಕಡೆ ಎಸೆತ ಬೇಡ. ಚಿಯರ್ ಸ್ಪರ್ಧೆಯ ನಿಯಮಗಳಲ್ಲೇ ಮೊದಲ ಹಂತದ ತಂಡಗಳಿಗೆ ಎಸೆತಕ್ಕೆ ಅವಕಾಶವಿಲ್ಲ.

4. ಹಿಡಿಯುವವರು ಯಾರು? ಇವರನ್ನು ಸ್ಪಾಟರ್ ಎನ್ನುತ್ತಾರೆ. ಇವರು ಭಾರ ಹೊರುವುದಿಲ್ಲ, ಮುಗುಳ್ನಗುತ್ತಾ ಸಭೆಯತ್ತಲೂ ನೋಡುವುದಿಲ್ಲ. ಏರಿದ ಮಗುವಿನ ಮೇಲೆ ಕಣ್ಣಿಟ್ಟು, ಬಿದ್ದರೆ ತಲೆ ಮತ್ತು ಹೆಗಲನ್ನು ಹಿಡಿಯುವುದೊಂದೇ ಇವರ ಕೆಲಸ. ಮುಂದೆ, ಹಿಂದೆ ತಲಾ ಒಬ್ಬರಾದರೂ ಇರಲಿ, ದೊಡ್ಡವರಾಗಿರಲಿ.

5. ಮೆಟ್ಟಿಲು ಮೆಟ್ಟಿಲಾಗಿ ಕಲಿಸುತ್ತಾರೆಯೇ? ಮೊದಲು ನೆಲದ ಮೇಲೆ ಸಮತೋಲ, ಆಮೇಲೆ ತೊಡೆಯ ಮೇಲೆ, ಆಮೇಲೆ ಹೆಗಲ ಮೇಲೆ. ಇಳಿಯುವುದನ್ನು ಏರುವ ಮೊದಲೇ ಕಲಿಸಬೇಕು. 'ಡೌನ್' ಎಂದು ಯಾವ ಮಗು ಕೂಗಿದರೂ ಎಲ್ಲರೂ ತಕ್ಷಣ ಇಳಿಸಬೇಕು ಎಂಬ ಕಟ್ಟುಪಾಡು ಇರಲಿ. "ಸ್ವಲ್ಪ ತಡಕೋ" ಎನ್ನುವ ಮಾತು ಅಲ್ಲಿ ನಡೆಯಬಾರದು.

6. ಸಮಾರಂಭಕ್ಕೆ ಎಷ್ಟು ವಾರ ಇದೆ? ಹತ್ತು ದಿನದಲ್ಲಿ ಪಿರಮಿಡ್ ಕಲಿಸಲು ಹೊರಟರೆ ನಿಮ್ಮ ಮಗುವಿಗೆ ಬೇರೆ ಐಟಂ ಕೇಳಿ.

7. ಮಗುವಿಗೆ ಇಷ್ಟವಿದೆಯೇ? ತೂಕ ಕಡಿಮೆ ಎಂಬ ಒಂದೇ ಕಾರಣಕ್ಕೆ ಹೆದರುವ ಮಗುವನ್ನು ತುದಿಗೆ ಏರಿಸುವುದು ತಪ್ಪು. ಜ್ವರ, ತಲೆಸುತ್ತು, ಹಳೆಯ ಮೂಳೆಮುರಿತ, ಆಸ್ತಮಾ ಇದ್ದರೆ ಬರೆದು ತಿಳಿಸಿ.

ಮನೆಯಲ್ಲೂ ಸ್ವಲ್ಪ ತಯಾರಿ ಬೇಕು. ತಾಲೀಮಿನ ದಿನ ಉಗುರು ಕತ್ತರಿಸಿ. ಬಳೆ, ಸರ, ಗೆಜ್ಜೆ ತೆಗೆಸಿ. ಜಡೆ ಬಿಗಿಯಾಗಿ ಕಟ್ಟಿ. ಜಾರುವ ಸಾಕ್ಸ್‌ನಲ್ಲಿ ಏರಿಸಬೇಡಿ. ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಿ.

ತರಬೇತುದಾರ ಯಾರೆಂದು ಕೇಳುವುದು ಅಪಮಾನವಲ್ಲ

ಈ ಪ್ರಶ್ನೆಯನ್ನು ನಮ್ಮ ಜಿಲ್ಲೆಯವರು ಎಲ್ಲರಿಗಿಂತ ಗಟ್ಟಿಯಾಗಿ ಕೇಳಬೇಕು. 2024ರ ಆಗಸ್ಟ್‌ನಲ್ಲಿ ಬರ್ಗೂರು ಬಳಿಯ ಖಾಸಗಿ ಶಾಲೆಯೊಂದರಲ್ಲಿ ನಡೆದ 'ಎನ್‌ಸಿಸಿ ಶಿಬಿರ'ದಲ್ಲಿ ಬಾಲಕಿಯ ಮೇಲೆ ಲೈಂಗಿಕ ದೌರ್ಜನ್ಯ ನಡೆದ ದೂರು ಹೊರಬಂತು. ಆ ಶಿಬಿರಕ್ಕೂ ಎನ್‌ಸಿಸಿಗೂ ಸಂಬಂಧವೇ ಇರಲಿಲ್ಲ. ತರಬೇತುದಾರ ಎಂದು ಬಂದವನ ಗುರುತುಪತ್ರವನ್ನು ಯಾರೂ ಪರಿಶೀಲಿಸಿರಲಿಲ್ಲ. ಸರ್ಕಾರ ವಿಶೇಷ ತನಿಖಾ ತಂಡ ರಚಿಸಬೇಕಾಯಿತು. ಚಿಯರ್ ಲೋಕದಲ್ಲೂ ಇದೇ ಸಂಕಟ ಇದೆ: 2022ರಲ್ಲಿ ಅಮೆರಿಕದ ಸೌತ್ ಕೆರೊಲಿನಾದಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಆರೋಪದೊಂದಿಗೆ ತರಬೇತಿ ಕೇಂದ್ರ ಹಾಗೂ ಕ್ರೀಡಾ ಸಂಸ್ಥೆಗಳ ವಿರುದ್ಧ ಸಾಲುಸಾಲು ಮೊಕದ್ದಮೆಗಳು ದಾಖಲಾದವು.

ವಾರ್ಷಿಕೋತ್ಸವಕ್ಕೆ ಹೊರಗಿನಿಂದ ಡ್ಯಾನ್ಸ್ ಮಾಸ್ಟರ್ ಬರುತ್ತಾರೆಂದರೆ ಅವರ ಹೆಸರು, ಗುರುತುಪತ್ರ, ಹಿಂದೆ ಕಲಿಸಿದ ಶಾಲೆಗಳ ವಿವರ ಶಾಲೆಯ ಕಡತದಲ್ಲಿರಲಿ. ತಾಲೀಮಿನ ಉದ್ದಕ್ಕೂ ಶಾಲೆಯ ಶಿಕ್ಷಕಿಯೊಬ್ಬರು ಇರಲಿ. ಸಂಜೆಯ ತಾಲೀಮು ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೇಡ, ಪೋಷಕರಿಗೆ ಬಂದು ನೋಡುವ ಅವಕಾಶ ಇರಲಿ. ಎತ್ತುವ, ಹಿಡಿಯುವ ಕಸರತ್ತಿನಲ್ಲಿ ಮೈ ಮುಟ್ಟುವುದು ಇದ್ದೇ ಇರುತ್ತದೆ. ಎಲ್ಲಿ ಹಿಡಿಯುವುದು ಸರಿ, ಎಲ್ಲಿ ತಪ್ಪು ಎಂದು ಮಗುವಿಗೆ ಮೊದಲೇ ಹೇಳಿಕೊಡಿ. ದೌರ್ಜನ್ಯದ ವಿಷಯ ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ. ಶಾಲೆಯ ಹೆಸರು ಕೆಡುತ್ತದೆ ಎಂದು ಮುಚ್ಚಿಡುವವರಿಗೆ ಇದನ್ನು ನೆನಪಿಸಿ.

ಮಗು ಬಿದ್ದರೆ

ನಮ್ಮಲ್ಲಿ ಬಿದ್ದ ಮಗುವನ್ನು ನಾಲ್ಕು ಜನ ಓಡಿಹೋಗಿ ಎತ್ತಿ ಕೂರಿಸುತ್ತಾರೆ, ಮುಖಕ್ಕೆ ನೀರು ಎರಚುತ್ತಾರೆ, ಸೋಡಾ ಕುಡಿಸುತ್ತಾರೆ. ತಲೆ-ಕತ್ತಿಗೆ ಪೆಟ್ಟಾಗಿದ್ದರೆ ಇವೆಲ್ಲ ಕೇಡು.

• ಎತ್ತಬೇಡಿ. ಮಲಗಿದ ಹಾಗೆಯೇ ತಲೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದುಕೊಳ್ಳಿ. 108ಕ್ಕೆ ಕರೆ ಮಾಡಿ.
• ಉಸಿರಾಟ ಇದೆಯೇ ನೋಡಿ. ವಾಂತಿ ಬಂದರೆ ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ಮೂರ್ನಾಲ್ಕು ಜನ ಸೇರಿ ಒಂದು ಪಕ್ಕಕ್ಕೆ ಹೊರಳಿಸಿ.
• ಬಾಯಿಗೆ ನೀರು, ಕಾಫಿ, ಮಾತ್ರೆ ಏನನ್ನೂ ಹಾಕಬೇಡಿ.
• ಕ್ಷಣಕಾಲ ಪ್ರಜ್ಞೆ ತಪ್ಪುವುದು, ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ಫಿಟ್ಸ್, ಕಿವಿ-ಮೂಗಿನಿಂದ ರಕ್ತ ಅಥವಾ ನೀರಿನಂಥ ದ್ರವ, ಕೈಕಾಲು ಜೋಮು — ಇವುಗಳಲ್ಲಿ ಒಂದಿದ್ದರೂ ತಡಮಾಡದೆ ಆಸ್ಪತ್ರೆ.

ಹೊಸೂರಿನಲ್ಲಿ ಸರ್ಕಾರಿ ಆಸ್ಪತ್ರೆ, ಕೃಷ್ಣಗಿರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇವೆ. ತಲೆ-ಬೆನ್ನುಹುರಿಯ ದೊಡ್ಡ ಗಾಯಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಹೊಸೂರು ರಸ್ತೆಯಲ್ಲೇ ಇದೆ. ಆದರೆ ನೇರವಾಗಿ ಕಾರಿನಲ್ಲಿ ಹಾಕಿಕೊಂಡು ಅತ್ತಿಬೆಲೆ, ಎಲೆಕ್ಟ್ರಾನಿಕ್ ಸಿಟಿಯ ಟ್ರಾಫಿಕ್‌ಗೆ ನುಗ್ಗಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಕತ್ತಿಗೆ ಕಾಲರ್ ಹಾಕಿಸಿ, ಉಸಿರಾಟ ಭದ್ರ ಮಾಡಿಕೊಂಡು ಅವರು ಕಳಿಸಿದರೆ ಆಂಬುಲೆನ್ಸ್‌ನಲ್ಲಿ ಹೋಗಿ. ಅಂಚೆಟ್ಟಿಯಂಥ ದೂರದ ಊರಿನ ಶಾಲೆಗಳು ಆಸ್ಪತ್ರೆಯೇ ಹತ್ತಿರವಿಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಐಟಂ ಆರಿಸಿಕೊಳ್ಳಲಿ.

ಮೇಲ್ನೋಟಕ್ಕೆ ಏನೂ ಆಗಿಲ್ಲದಿದ್ದರೂ ತಲೆಗೆ ಪೆಟ್ಟು ಬಿದ್ದ ಮಗು ಆ ದಿನ ಮತ್ತೆ ಏರಬಾರದು. ಒಂದೆರಡು ದಿನ ವಿಶ್ರಾಂತಿ, ಆಮೇಲೆ ನಿಧಾನವಾಗಿ ಓದು, ನಡಿಗೆ, ಓಟ. ಕೊನೆಯದಾಗಿ ವೈದ್ಯರು ಒಪ್ಪಿದ ಮೇಲೆ ಕಸರತ್ತು.

ಶಾಲೆ ಕಿವಿಗೊಡದಿದ್ದರೆ

ಜಗಳದಿಂದ ಶುರು ಮಾಡಬೇಡಿ. ಮೊದಲು ಪಿ.ಟಿ. ಮಾಸ್ಟರ್ ಜತೆ ಮಾತಾಡಿ, ಅವರಿಗೂ ಆಡಳಿತ ಮಂಡಳಿಯ ಒತ್ತಡ ಇರುತ್ತದೆ. ಇನ್ನೆರಡು ಮನೆಯವರನ್ನು ಜತೆಗೆ ಸೇರಿಸಿಕೊಂಡು ಮುಖ್ಯೋಪಾಧ್ಯಾಯರಿಗೆ ಪತ್ರ ಕೊಡಿ. ಪತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಕೆಲಸ ಬೇಗ ಆಗುತ್ತದೆ. ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಪತ್ರದಲ್ಲಿ ಬೇಡಿಕೆ ಸ್ಪಷ್ಟವಾಗಿರಲಿ: ಮ್ಯಾಟ್, ಸ್ಪಾಟರ್, ಎತ್ತರದ ಮಿತಿ, ತರಬೇತುದಾರನ ವಿವರ. ಅದಕ್ಕೂ ಉತ್ತರ ಬರದಿದ್ದರೆ ಜಿಲ್ಲಾ ಶಿಕ್ಷಣಾಧಿಕಾರಿ, ನಂತರ ಕೃಷ್ಣಗಿರಿಯ ಮುಖ್ಯ ಶಿಕ್ಷಣಾಧಿಕಾರಿ. ಕಲೆಕ್ಟರ್ ಕಚೇರಿಯಲ್ಲಿ ಸೋಮವಾರ ನಡೆಯುವ ಕುಂದುಕೊರತೆ ಸಭೆಯಲ್ಲೂ ಅರ್ಜಿ ಕೊಡಬಹುದು. ತಮಿಳುನಾಡು ಶಾಲಾ ಶಿಕ್ಷಣ ಇಲಾಖೆಯ ಸಹಾಯವಾಣಿ 14417, ಮಕ್ಕಳ ಸಹಾಯವಾಣಿ 1098.

ಇದೆಲ್ಲ ಓದಿ "ಹಾಗಾದರೆ ಪಿರಮಿಡ್ಡೇ ಬೇಡ" ಎನ್ನುವವರೂ ಇರಬಹುದು. ಒಸಾಕಾ ಆ ತೀರ್ಮಾನಕ್ಕೇ ಬಂತು, ಅದು ತಪ್ಪೇನಲ್ಲ. ಮ್ಯಾಟ್ ಕೊಳ್ಳಲು ಹಣವಿಲ್ಲದ, ಹಿಡಿಯಲು ಜನರಿಲ್ಲದ ಶಾಲೆಗೂ ಸರಿಯಾದ ತೀರ್ಮಾನ ಅದೇ. ನೆಲದ ಮೇಲೆಯೇ ಮಾಡುವ ಕೋಲಾಟ, ಸಿಲಂಬಂ, ಸಾಮೂಹಿಕ ಯೋಗಕ್ಕೂ ಚಪ್ಪಾಳೆ ಕಡಿಮೆಯೇನಿಲ್ಲ. ಉಳಿದ ಶಾಲೆಗಳು ಮ್ಯಾಟ್ ಹಾಸಲಿ, ಹಿಡಿಯುವವರನ್ನು ನಿಲ್ಲಿಸಲಿ, ಕಲಿತವರಿಂದ ಕಲಿಸಲಿ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ನಿಮ್ಮ ಮಗುವನ್ನು ಆ ಐಟಂನಿಂದ ಹೊರಗಿಡುವ ಹಕ್ಕು ನಿಮಗಿದೆ. ಮುಂದಿನ ತಾಲೀಮಿಗೆ ಒಮ್ಮೆ ಶಾಲೆಗೆ ಹೋಗಿ ನಿಂತು ನೋಡಿ, ಆಮೇಲೆ ಸಹಿ ಮಾಡಿ.